ಅಮಾಂತ್, ಅಂದರೆ ಅವರು

ಜಗಳ ಹುಟ್ಟಿದ್ದು ‘ವೀಡಿಯೋ’ ಎಂಬ ಒಂದು ಪದದಿಂದ. ಬೆಳಿಗ್ಗೆ ಪಕ್ಕದ ಮನೆಯಾಕೆ ಮೊಮ್ಮಗುವಿನ ಕುಣಿತವನ್ನು ಫೋನಿನಲ್ಲಿ ತೋರಿಸಲು ಬಂದಿದ್ದಳು. ಟಪಾಲಮ್ಮ ಸಂಭ್ರಮದಿಂದ ಮಗಳನ್ನು ಕರೆದಳು.

“ಬಾರೇ, ವೀಡಿಯೋ ನೋಡು.”

ಕಾನೂನು ಕಾಲೇಜಿನಲ್ಲಿ ಹೊಸದಾಗಿ ಲ್ಯಾಟಿನ್ ಪಾಠಕ್ಕೆ ಸೇರಿದ್ದ ಮಗಳು ಒದ್ದೆ ತಲೆ ಒರೆಸಿಕೊಳ್ಳುತ್ತಲೇ ಹೇಳಿದಳು: “ಅಮ್ಮ, ವೀಡಿಯೋ ಅನ್ನೋದು ಲ್ಯಾಟಿನ್ ಕ್ರಿಯಾಪದ. ‘ನಾನು ನೋಡುತ್ತೇನೆ’ ಅಂತ ಅರ್ಥ. ನೀನು ಈಗ ‘ನಾನು ನೋಡುತ್ತೇನೆ ನೋಡು’ ಅಂದ ಹಾಗಾಯ್ತು.”

ಪಕ್ಕದ ಮನೆಯಾಕೆ ನಕ್ಕಳು. ಅತ್ತ ತಿರುಗಿ ನಗುವಷ್ಟು ಸೌಜನ್ಯವೂ ಆಕೆಗಿರಲಿಲ್ಲ.

ಟಪಾಲಮ್ಮನ ಮೈ ಉರಿದುಹೋಯಿತು. ಈ ಹುಡುಗಿ ತಟ್ಟೆಗೆ ‘ತತ್ತೆ’ ಎನ್ನುತ್ತಿದ್ದಾಗ ತಾನು ಯಾವ ನೆಂಟರ ಮುಂದಾದರೂ ತಿದ್ದಿದ್ದುಂಟೇ?

“ಅದೇನು ಮಹಾ ವಿದ್ಯೆ? ನನಗೂ ಒಂದು ಹೇಳಿಕೊಡು. ಸಂಜೆ ಒಪ್ಪಿಸ್ತೀನಿ. ಸರಿಯಾಗಿ ಒಪ್ಪಿಸಿದರೆ ಇನ್ನು ಮೇಲೆ ನಾಲ್ಕು ಜನರ ಮುಂದೆ ನನ್ನ ಮಾತು ತಿದ್ದಕೂಡದು.”

“ತಪ್ಪಿದರೆ?”

“ತಪ್ಪಿದರೆ ಬಾಯಿ ಮುಚ್ಚಿಕೊಂಡು ತಿದ್ದಿಸಿಕೋತೀನಿ.”

ಮಗಳು ತಾಯಿಯ ಅಂಗೈ ಹಿಡಿದು ಪೆನ್ನಿನಲ್ಲಿ ಬರೆದಳು. ಅಮೋ, ನಾನು ಪ್ರೀತಿಸುತ್ತೇನೆ. ಅಮಾಸ್, ನೀನು. ಅಮಾತ್, ಅವನು ಅಥವಾ ಅವಳು. ಅಮಾಮುಸ್, ನಾವು. ಅಮಾತಿಸ್, ನೀವು. ಅಮಾಂತ್, ಅವರು. “ಬಾಲ ನೋಡಿದರೆ ಯಾರು ಅಂತ ಗೊತ್ತಾಗುತ್ತೆ, ನಮ್ಮ ಮಾತಿನ ಹಾಗೇ. ಅಮೆಚೂರ್ ಅನ್ನೋ ಇಂಗ್ಲಿಷ್ ಪದ ಇದರ ಮೊಮ್ಮಗು. ಸಂಬಳ ಇಲ್ಲದೆ ಪ್ರೀತಿಗೋಸ್ಕರ ಕೆಲಸ ಮಾಡೋರು.”

“ಹಾಗಾದ್ರೆ ಅಡುಗೆಮನೇಲಿ ನಾನೂ ಅದೇ,” ಎಂದು ಟಪಾಲಮ್ಮ ಚೀಲ ಹೆಗಲಿಗೇರಿಸಿದಳು.

ನೀರು ಸರಬರಾಜು ಕಚೇರಿಗೆ ಬರುವ, ಅಲ್ಲಿಂದ ಹೋಗುವ ಪ್ರತಿಯೊಂದು ಕಾಗದಕ್ಕೂ ಮೊಹರು ಒತ್ತುವುದು ಅವಳ ಕೆಲಸ. ಹೆಸರು ಬಂದದ್ದೂ ಅದರಿಂದಲೇ. ಅವಳ ಕುರ್ಚಿಗೆ ಮೂರು ಕಾಲು, ನಾಲ್ಕನೆಯದರ ಜಾಗದಲ್ಲಿ ಇಟ್ಟಿಗೆ. ಕಚೇರಿಗೆಂದು ಬಂದಿದ್ದ ಹೊಸ ಕುರ್ಚಿಗಳು ನೆಟ್ಟಗೆ ಸಾಹೇಬರ ಮನೆಯ ಹಜಾರ ಸೇರಿದ್ದವು. ಇದು ಎಲ್ಲರಿಗೂ ಗೊತ್ತಿತ್ತು. ಯಾರೂ ಬಾಯಿ ಬಿಡುತ್ತಿರಲಿಲ್ಲ.

ಅವಳು ಮೊಹರು ಒತ್ತುತ್ತ, ಒಂದೊಂದು ಏಟಿಗೆ ಒಂದೊಂದು ರೂಪ ಹೇಳಿಕೊಳ್ಳುತ್ತ ಹೋದಳು. ಅಮೋ, ಟಪ್. ಅಮಾಸ್, ಟಪ್. ಕೊನೆಯದು ಮಾತ್ರ ನಾಲಿಗೆಗೆ ಅಂಟಿದ ಅಂಟಿನಂತೆ ಬಿಡಿಸಿಕೊಳ್ಳಲು ಒಲ್ಲದು. ಪಕ್ಕದ ಮೇಜಿನವನಿಗೆ ಡಂಗುರ ಎಂದೇ ಅಡ್ಡಹೆಸರು. ಅವನ ಕಿವಿ ನಿಮಿರಿತು.

“ಏನ್ರೀ ಅದು? ಅಮಾನತ್ತಾ?”

“ಹೂಂ, ಅಮಾಂತ್. ಅದೊಂದು ಬಾಯಿಗೆ ಬರ್ತಿಲ್ಲ ನೋಡಿ.”

“ಅಂಥ ಮಾತು ಬಾಯಿಗೆ ಹೇಗೆ ಬಂದೀತು? ಯಾರು?”

ತನ್ನನ್ನು ಪರೀಕ್ಷಿಸುತ್ತಿದ್ದಾನೆ ಎಂದು ಟಪಾಲಮ್ಮ ಕಣ್ಣು ಮುಚ್ಚಿ ನೆನೆದಳು. “ಅವನೂ ಅಲ್ಲ, ಅವಳೂ ಅಲ್ಲ. ಅವರು.”

ಡಂಗುರ ನಿಧಾನವಾಗಿ ಸಾಹೇಬರ ಬಾಗಿಲಿನತ್ತ ನೋಡಿದ. ಆ ಕಚೇರಿಯಲ್ಲಿ ಉಳಿದವರೆಲ್ಲ ಬೆನ್ನ ಹಿಂದೆ ಅವನು, ಅವಳು. ‘ಅವರು’ ಅನ್ನಿಸಿಕೊಳ್ಳುತ್ತಿದ್ದವರು ಒಬ್ಬರೇ.

ಮುಂದಿನದು ಹೇಳಬೇಕಿಲ್ಲ; ಸಾಹೇಬರು ಅಮಾನತ್ತಂತೆ ಎಂಬ ಸುದ್ದಿ ಮೇಜಿನಿಂದ ಮೇಜಿಗೆ ಹಾರಿತು. ಸಾಹೇಬರು ಕೊಟ್ಟ ಪತ್ರವನ್ನು ಟೈಪಿಸ್ಟ್ ಅಕ್ಕ ಪಕ್ಕಕ್ಕೆ ಸರಿಸಿ, “ನಾಳೆ ಬರೋರು ಬೇಕಾದ್ರೆ ಟೈಪ್ ಮಾಡಿಸ್ಲಿ,” ಎಂದು ಉಗುರು ಕತ್ತರಿಸಿಕೊಳ್ಳತೊಡಗಿದಳು. ಉಗ್ರಾಣದವನು ಬೆವರುತ್ತ ಟಪಾಲಮ್ಮನ ಮೇಜಿಗೆ ಬಂದ.

“ಅಕ್ಕ, ಕುರ್ಚಿ ಲಾರಿಗೆ ಹತ್ತಿಸಿದ್ದು ನಾನೇ. ಆದ್ರೆ ಮನಸ್ಸಿಲ್ಲದೆ ಹತ್ತಿಸಿದ್ದು. ವರದೀಲಿ ಅದನ್ನೂ ಸೇರಿಸಿ.”

“ನನಗ್ಯಾಕ್ರೀ ಹೇಳ್ತೀರಿ? ನಾನು ಸಂಜೆಯೊಳಗೆ ಎಲ್ಲ ಒಪ್ಪಿಸಬೇಕು, ತಲೆ ತಿನ್ನಬೇಡಿ.”

“ಎಲ್ಲಾನೂ ಒಪ್ಪಿಸ್ತೀರಾ?” ಎಂದವನು ಗೋಡೆ ಹಿಡಿದುಕೊಂಡ.

ಸ್ವಲ್ಪ ಹೊತ್ತಿಗೆ ಸಾಹೇಬರ ಕರೆ ಬಂತು. ಅವರ ಮುಖ ನೆನೆದ ರದ್ದಿ ಕಾಗದದಂತಾಗಿತ್ತು.

“ಏನಮ್ಮ, ನನ್ನ ಅಮಾನತ್ತಿನ ಆದೇಶ ನಿಮ್ಮ ಹತ್ತಿರ ಇದೆಯಂತೆ?”

ಟಪಾಲಮ್ಮನಿಗೆ ಆಗ ಬೆಳಕು ಹರಿಯಿತು. ಜೊತೆಗೆ ಸಿಟ್ಟೂ ಏರಿತು. ಒಂದು ಕ್ರಿಯಾಪದ ಕಲಿಯಲು ಬಿಡದ ಜನ ಇದ್ದೂ ಏನು ಪ್ರಯೋಜನ?

“ಸಾರ್, ಅದು ಲ್ಯಾಟಿನ್. ‘ಅವರು ಪ್ರೀತಿಸುತ್ತಾರೆ’ ಅಂತ ಅರ್ಥ.”

“ನನ್ನ ಯಾರು ಪ್ರೀತಿಸ್ತಾರಮ್ಮ ಇಲ್ಲಿ? ಹಂಗಿಸ್ತೀರಾ?”

“ಬೇಕಾದ್ರೆ ಕೈ ನೋಡಿ ಸಾರ್.” ಅವಳು ಅಂಗೈ ಚಾಚಿದಳು. ಬೆವರಿಗೂ ಮೊಹರಿನ ಮಸಿಗೂ ಮಿಕ್ಕದ್ದೆಲ್ಲ ಕಲಸಿಹೋಗಿ, ಕೆಳಗಿನ ಸಾಲಿನ ‘ಅಮಾ’ ಮತ್ತು ‘ತ್’ ಮಾತ್ರ ಉಳಿದಿದ್ದವು. ಸಾಹೇಬರು ಅದನ್ನು ತಮ್ಮ ಹಣೆಬರಹದಂತೆ ಓದಿಕೊಂಡರು. ಅವಳನ್ನು ಹೊರಗೆ ಕಳಿಸಿ, ಕೇಂದ್ರ ಕಚೇರಿಗೆ ಫೋನು ಹಚ್ಚಿದರು.

ಬಾಗಿಲಾಚೆ ನಿಂತಿದ್ದ ಎಲ್ಲರಿಗೂ ಕೇಳುವಂತೆ ಅವರ ದನಿ ಏರಿತು. “ಕುರ್ಚಿ ಇವತ್ತೇ ವಾಪಸ್ ಕಳಿಸ್ತೀನಿ ಸಾರ್... ಯಾವ ಕುರ್ಚಿ ಅಂದ್ರೆ? ನಿಮಗೆ ಗೊತ್ತೇ ಇರಲಿಲ್ವಾ? ಮತ್ತೆ ನಿಮ್ಮ ಆದೇಶ ಟಪಾಲಮ್ಮನ ಹತ್ತಿರ ಇದೆ ಅಂತ...”

ಬಡ್ತಿಯ ಕಡತಕ್ಕೆ ಬೂಷ್ಟು ಹಿಡಿಸುವ ಕೇಂದ್ರ ಕಚೇರಿ ಅಮಾನತ್ತಿಗೆ ಮಾತ್ರ ಕುದುರೆಯ ಮೇಲೆ ಬಂತು. ಮಧ್ಯಾಹ್ನದೊಳಗೆ ಸಾಹೇಬರ ನಿಜವಾದ ಆದೇಶ ಕಚೇರಿಯ ಫ್ಯಾಕ್ಸ್ ಯಂತ್ರದಿಂದ ಹೊರಬಿತ್ತು. ಅದರ ಹಿಂದೆಯೇ ಲಾರಿಯಲ್ಲಿ ಕುರ್ಚಿಗಳು ಬಂದವು.

“ಟಪಾಲಮ್ಮ, ಮೊದಲು ನೀವು ಕೂತ್ಕೊಳ್ಳಿ,” ಎಂದ ಡಂಗುರ, ಇಟ್ಟಿಗೆಯನ್ನು ಕಾಲಿನಿಂದ ಆಚೆ ತಳ್ಳುತ್ತ.

ಅವಳು ಕೂತಳು. ಬೆನ್ನಿಗೆ ಆಸರೆ ಹೇಗಿರುತ್ತದೆಂಬುದೇ ಅವಳಿಗೆ ಮರೆತುಹೋಗಿತ್ತು. ಇನ್ನೇನು ಒರಗಬೇಕು, ಯಂತ್ರ ಇನ್ನೊಂದು ಹಾಳೆಯನ್ನು ಕೆಮ್ಮಿತು. ಆದೇಶ ಹೊರಡುವ ಮುನ್ನವೇ ಗುಟ್ಟನ್ನು ಬಯಲು ಮಾಡಿದ ತಪ್ಪಿಗಾಗಿ ಟಪಾಲು ವಿಭಾಗದವರನ್ನು, ಅಂದರೆ ಅವಳೊಬ್ಬಳನ್ನೇ, ಅಮಾನತ್ತಿನಲ್ಲಿ ಇಡಲಾಗಿತ್ತು.

“ಇಲ್ಲದ ಆದೇಶನ ಬಯಲು ಮಾಡೋದು ಹೇಗ್ರೀ?” ಅವಳು ಎದ್ದು ನಿಂತಳು.

“ವಿಚಾರಣೇಲಿ ಕೇಳಿ,” ಎಂದಳು ಟೈಪಿಸ್ಟ್ ಅಕ್ಕ, ಆ ಹೊಸ ಕುರ್ಚಿಯ ಬೆನ್ನನ್ನು ಆಗಲೇ ಹಿಡಿದುಕೊಂಡು. “ಅದಕ್ಕೂ ಮೊಹರು ನೀವೇ ಒತ್ತಬೇಕಲ್ವಾ?”

ಒತ್ತಿದಳು. ಮೇಜು ಅದುರುವ ಹಾಗೆ ಒತ್ತಿದಳು.

ಮನೆಗೆ ಬಂದವಳೇ ಚೀಲವನ್ನೂ ಇಳಿಸದೆ ಆರು ರೂಪಗಳನ್ನು ಒಂದೇ ಉಸಿರಿನಲ್ಲಿ ಒಪ್ಪಿಸಿದಳು. ಒಂದೂ ತಪ್ಪಿರಲಿಲ್ಲ. ಮಗಳು ಸೋಲೊಪ್ಪಿಕೊಂಡಳು. ಆಮೇಲೆ ಟಪಾಲಮ್ಮ ಇಂಗ್ಲಿಷಿನಲ್ಲಿದ್ದ ಆ ಹಾಳೆಯನ್ನು ಮುಂದೆ ಹಿಡಿದು ನಡೆದದ್ದೆಲ್ಲ ಹೇಳಿದಳು. ಮಗಳು ಅದರಲ್ಲಿದ್ದ ‘ಸಸ್ಪೆಂಡ್’ ಎಂಬ ಪದದ ಮೇಲೆ ಬೆರಳಿಟ್ಟಳು.

“ಅಮ್ಮ, ಇದು ತಿದ್ದುಪಡಿ ಅಲ್ಲ, ಬರೀ ಮಾಹಿತಿ. ಸಸ್ಪೆಂಡ್ ಅನ್ನೋದೂ ಲ್ಯಾಟಿನ್ನಿಂದ ಬಂದದ್ದೇ. ಸಸ್ಪೆಂದೋ, ನಾನು ನೇತುಹಾಕುತ್ತೇನೆ.”

“ಕೊನೆಯದು ಹೇಳು.”

“ಸಸ್ಪೆಂದುಂತ್. ಅವರು ನೇತುಹಾಕುತ್ತಾರೆ.”

“ಆ ‘ಅವರು’ ಬಹುವಚನವೋ, ಗೌರವವೋ?”

“ಬಹುವಚನ ಅಷ್ಟೇ ಅಮ್ಮ. ಗೌರವದ್ದಲ್ಲ.”

“ಸದ್ಯ,” ಎಂದಳು ಟಪಾಲಮ್ಮ. “ಇವತ್ತು ಅವರಿಗೆ ಅದೊಂದನ್ನ ಕೊಡೋಕೆ ನನ್ನಿಂದಾಗಲ್ಲ.”