ಟವಲಿನ ಕೆಳಗೆ ಟಾಂಜಾನಿಯಾ

ನನ್ನ ಮೊಮ್ಮಗಳು ಗಿರಿಜಾ ಆದೋನಿಯ ನಮ್ಮ ಪಡಸಾಲೆಯಲ್ಲೇ ಕೂತು ಆಫ್ರಿಕಾದ ಟಾಂಜಾನಿಯಾಕ್ಕೆ ಪಾಠ ಹೇಳುತ್ತಾಳೆ ಎಂದು ಗೊತ್ತಾದ ದಿನ, ಮೂರನೇ ಕ್ಲಾಸು ದಾಟದ ನಾನು ಓಣಿಗೆಲ್ಲ ಮಿರ್ಚಿ ಬಜ್ಜಿ, ಮಂಡಾಳು ಹಂಚಿದೆ. ಗುರು ನಾನೇ ಅಲ್ಲವೇ!

ಅಲ್ಲೂ ನಮ್ಮಂತೆ ಹತ್ತಿ ಬೆಳೆಯುತ್ತಾರಂತೆ. ಹತ್ತಿಯಿಂದ ಬೀಜ ಬಿಡಿಸುವ ಅಲ್ಲಿನ ಜಿನ್ನಿಂಗ್ ಮಿಲ್ಲೊಂದರ ಹೆಣ್ಣುಮಕ್ಕಳಿಗೆ ಕೈಯಲ್ಲಿ ಹಿಡಿದೇ ಹತ್ತಿಯ ಗುಣ ಹೇಳುವ ವಿದ್ಯೆ ಬೇಕಿತ್ತು. ಹಡಗು, ಲಾರಿ ಏನೂ ಬೇಡ, ನಮ್ಮಂಥ ದೇಶಗಳು ಫೋನಿನಲ್ಲೇ ವಿದ್ಯೆ ಕೊಟ್ಟು ತಗೊಳ್ಳಲಿ ಅಂತ ಸರ್ಕಾರಗಳು ಕೂಡಿ ದಾರಿ ಮಾಡುತ್ತಿವೆ ಎಂದಳು ಗಿರಿಜಾ. ಇಂಗ್ಲಿಷು ಅವಳದು. ವಿದ್ಯೆ, ನಲವತ್ತು ವರ್ಷ ಮಾರ್ಕೆಟ್ ಯಾರ್ಡಿನಲ್ಲಿ ಹತ್ತಿ ನೋಡಿದ ನನ್ನದು. ಮೊದಲ ಪಾಠ ಮೆಚ್ಚಿದರೆ ಅವಳಿಗೆ ವರ್ಷದ ಕೆಲಸ. ಇಲ್ಲದಿದ್ದರೆ ಮತ್ತೆ ಗುಂತಕಲ್ಲಿನ ಬಟ್ಟೆ ಅಂಗಡಿ, ದಿನವಿಡೀ ನಿಂತು ಕಾಲು ಬಾವು.

ವಿಭೂತಿ ಬಳಿದು, ರುಮಾಲು ಸುತ್ತಿ ಕೂತೆ. ನನ್ನಾಕೆ ನೋಡಿ, "ಏನ್ರಿ, ಬೀಗರ ಮನಿಗಿ ಹೊಂಟೀರೇನು?" ಎಂದಳು.

"ತಾತ, ಹತ್ತಿ ಜಗ್ಗಿ ಕ್ಯಾಮೆರಾಕ್ಕ ತೋರ್ಸು. ಅಷ್ಟ ಸಾಕು," ಎಂದಳು ಗಿರಿಜಾ. ನಾನೇನು ಕೂಸೇ?

ಫೋನಿನಲ್ಲಿ ಎಂಟು ಮುಖ ಮೂಡಿದವು. ಎಂಟೂ ನನ್ನ ಕೈಯ ಹತ್ತಿಯನ್ನೇ ನೋಡುತ್ತಿದ್ದವು. ಅಷ್ಟು ಜನ ಹಾಗೆ ನೋಡಿದರೆ ಯಾರ್ಡಿನ ಮನುಷ್ಯ ಏನು ಮಾಡುತ್ತಾನೆ? ನಮ್ಮ ಕಾಲದಲ್ಲಿ ಸರಕಿನ ಗುಟ್ಟು ಮುಖದಲ್ಲಿ ಕಾಣಬಾರದು. ದರವನ್ನೂ ಬಾಯಲ್ಲಿ ಹೇಳದೆ, ಟವಲು ಮುಚ್ಚಿ, ಕೊಳ್ಳುವವನ ಬೆರಳು ಒತ್ತಿ ಹೇಳುತ್ತಿದ್ದೆವು. ಆದ ಕಾರಣ ನಾನು ಸಕಲ ಗಾಂಭೀರ್ಯದಿಂದ ಕೈಮೇಲೆ ಟವಲು ಹೊದಿಸಿದೆ. ಎಳೆ ಜಗ್ಗಿದ್ದು, ಉದ್ದ ನೋಡಿದ್ದು, ಹಸಿ ಎಷ್ಟೆಂದು ಹಿಡಿದು ನೋಡಿದ್ದು, ಎಲ್ಲ ಅದರ ಕೆಳಗೆ. ಮುಖ ಕಲ್ಲು. ಹೀಗೆ ಕಾಲು ತಾಸು! ಗಿರಿಜಾ ಪಕ್ಕದಲ್ಲಿ ಕೆಮ್ಮಿದಳು. ಗುಟ್ಟು ಬಿಡಬೇಡ ಎಂಬ ಸನ್ನೆ ಎಂದುಕೊಂಡು ಇನ್ನಷ್ಟು ಕಲ್ಲಾದೆ.

ಅಲ್ಲಿನ ಒಬ್ಬ ಹಿರಿಯ ಹೆಂಗಸು ಏನೋ ಕೇಳಿದಳು.

"ಎಳಿ ಎಷ್ಟುದ್ದ ಐತಿ ಅಂತ ಕೇಳಾಕತ್ತಾರ. ತಾತ, ಟವಲು ತಗಿ."

ಏಳು ಜನ ಕೇಳುವಾಗ ಒಬ್ಬಳಿಗೆ ಬಾಯಿಬಿಟ್ಟು ಹೇಳುವುದೇ? ನಾನು ಫೋನಿಗೂ ಟವಲು ಹೊದಿಸಿದೆ. ಒಳಗೆ ಕೈಹಾಕಿ, ಆಕೆಯ ಬೆರಳೆಂದು ತಿಳಿದು, ಗಾಜನ್ನು ಒತ್ತಿ ಒತ್ತಿ ಉತ್ತರ ಹೇಳಿದೆ. ಟವಲು ತೆಗೆದಾಗ ಹೆಂಗಸೂ ಇಲ್ಲ, ಟಾಂಜಾನಿಯಾವೂ ಇಲ್ಲ. ಒತ್ತಿ ಒತ್ತಿ ನಾನೇ ಫೋನ್ ಕಟ್ ಮಾಡಿದ್ದೆ.

ಗಿರಿಜಾ ಮತ್ತೆ ಮತ್ತೆ ಫೋನ್ ಹಚ್ಚಿದಳು. ಯಾರೂ ಎತ್ತಲಿಲ್ಲ. ಮೂರನೆಯ ದಿನ ಉತ್ತರ ಬಂತು: ಗುರುಗಳು ಬಹಳ ಗಂಭೀರರು, ಆದರೆ ನಮಗೆ ಏನೂ ಕಾಣಲಿಲ್ಲ, ಬೇರೆಯವರನ್ನು ಗೊತ್ತುಮಾಡಿಕೊಂಡಿದ್ದೇವೆ.

ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯಲಿಲ್ಲ. ಅಂಗಡಿಯವರಿಗೆ ಸೋಮವಾರದಿಂದ ಬರುತ್ತೇನೆಂದು ಹೇಳಿ, ನನ್ನ ಪಕ್ಕ ಬಂದು ಕೂತಳು.

"ಹೋಗ್ಲಿ ಬಿಡು ತಾತ. ನನಗರ ಹೇಳು, ಚಲೋ ಹತ್ತಿ ಅಂತ ಹೆಂಗ ಗೊತ್ತಾಗ್ತೈತಿ?"

ಒಂದು ಹಿಡಿ ಹತ್ತಿ ಅವಳ ಕೈಗಿಟ್ಟೆ. ಎಲ್ಲಿ ಹಿಡಿಯಬೇಕು, ಹೇಗೆ ಜಗ್ಗಬೇಕು, ಅವಳ ಹೆಬ್ಬೆರಳಿಗೆ ತಿಳಿಯಲಿಲ್ಲ. ಇಪ್ಪತ್ತಾರು ವರ್ಷ ನನ್ನ ಕಣ್ಣೆದುರೇ ಬೆಳೆದ ಕೂಸು.

ಸಮುದ್ರದಾಚೆಗೆ ಗುರುವಾಗಲು ಹೊರಟಿದ್ದ ಈ ಮಹಾಪಂಡಿತ, ಮನೆಯಲ್ಲಿ ಒಬ್ಬ ಶಿಷ್ಯೆಯನ್ನೂ ಮಾಡಿರಲಿಲ್ಲ.