ಹಸಿ ಹಂಚಿನ ಮೇಲೆ ಬೆರಳಗಂಟು

ಒಡಕು ಕಂಡರೂ ನಮ್ಮನ್ನು ಆಚೆ ಎಸೆಯದ ಉಡುಪಿಯ ಕೃಷ್ಣ ದೇವರಿಗೆ ಮೊದಲು ಕೈಮುಗಿಯುತ್ತೇನೆ. ನಾನು ಮೇಸ್ತ್ರಿಯಾಗಿರುವ ಕಲ್ಯಾಣಪುರದ ಹಂಚಿನ ಕಾರ್ಖಾನೆಯಲ್ಲಿ ನಗುವ ಸಂಗತಿಗಳು ನಡೆಯುತ್ತಲೇ ಇರುತ್ತವೆ. ನಕ್ಕ ಮೇಲೆ ಕಣ್ಣು ಒರೆಸಿಕೊಳ್ಳಬೇಕಾಗುತ್ತದೆ, ಅಷ್ಟೆ.

೧. ಗೇಟಿನ ಬಳಿ

ಸುಟ್ಟ ಹಂಚು ಲಾರಿ ಏರುವ ಮುಂಚೆ ನಾವೆಲ್ಲ ಅಣ್ಣ ಎನ್ನುತ್ತಿದ್ದ ಹಿರಿಯ ಕೆಲಸಗಾರರೊಬ್ಬರು ಒಂದೊಂದನ್ನೂ ಬೆರಳಗಂಟಿನಿಂದ ಬಡಿದು ಕಿವಿಗೊಡುತ್ತಿದ್ದರು. ಠಣ್ ಎಂದರೆ ಲಾರಿಗೆ, ಸದ್ದು ಒಡೆದರೆ ತ್ಯಾಜ್ಯದ ರಾಶಿಗೆ. ಬರಬರುತ್ತಾ ಅವರ ಕಿವಿ ಮಂದವಾಯಿತು. ಹೆಂಡತಿ ತೀರಿಕೊಂಡ ಮನೆಯಲ್ಲಿ ಮಾತಿಗೆ ಜನವಿಲ್ಲ. ಈ ಕೆಲಸವೂ ಹೋದರೆ ಎಂತ ಮಾಡುವುದೆಂಬ ಹೆದರಿಕೆಯಿಂದ ಯಾರಿಗೂ ಹೇಳಿರಲಿಲ್ಲ. ಒಂದು ದಿನ ಅವರ ಬೆನ್ನ ಹಿಂದೆಯೇ ಲಾರಿ ಹಾರ್ನ್ ಹಾಕುತ್ತಿತ್ತು, ಅಣ್ಣ ಅಲುಗಲಿಲ್ಲ. ಡ್ರೈವರ್ ಇಳಿದು ಬಂದು ಹೆಗಲು ಮುಟ್ಟಿದ. ಅಣ್ಣ ಹಂಚನ್ನು ಅವನ ಕಿವಿಗೆ ಹಿಡಿದು ಬಡಿದರು: "ಬಂದದ್ದು ಒಳ್ಳೆಯದಾಯಿತು ಮಾರಾಯ. ಸದ್ದು ಹೇಗುಂಟು?"

೨. ಭಟ್ಟಿಗೆ ಮುಂಚೆ

ಮಣಿಪಾಲದಿಂದ ಬಂದ ಇಂಜಿನಿಯರ್ ಹೇಳಿದರು, "ಸುಟ್ಟ ಮೇಲೆ ಒಡಕು ಹುಡುಕಿದರೆ ಮಣ್ಣೂ ಹೋಯಿತು, ಸೌದೆಯೂ ಹೋಯಿತು. ಹಸಿ ಇರುವಾಗಲೇ ನೋಡಿ. ಬಿರುಕು ಕಂಡರೆ ಪುನಃ ಕಲಸಬಹುದಲ್ವಾ?"

ದೇವರೇ ದಾರಿ ತೋರಿಸಿದ ಹಾಗಾಯಿತು. ಹಸಿ ಹಂಚಿಗೆ ಕಣ್ಣು ಸಾಕು, ಕಿವಿ ಬೇಡ. ಧಣಿಗಳಲ್ಲಿ ಕೇಳಿಕೊಂಡು ಅಣ್ಣನನ್ನು ಅಲ್ಲಿ ಕೂರಿಸಿದೆ. ಬಿರುಕಿನದ್ದನ್ನೆಲ್ಲ ಸರಿಯಾಗಿ ಆರಿಸಿದರು. ಒಳ್ಳೆಯದನ್ನು ಮಾತ್ರ ಅಭ್ಯಾಸಬಲದಿಂದ ಒಮ್ಮೆ ಬಡಿದೇ ಮುಂದೆ ಕಳಿಸಿದರು. ಭಟ್ಟಿಯಿಂದ ಬಂದ ಒಂದೊಂದರ ಮೇಲೂ ಬೆರಳಗಂಟಿನ ಗುಂಡಿ. ಧಣಿಗಳು ತಲೆಗೆ ಕೈಹಚ್ಚಿ ಕೂತರು. "ತಪಾಸಣೆ ಮಾಡದಿದ್ದರೆ ಎಲ್ಲವೂ ಪಾಸಾಗುತ್ತಿತ್ತು."

೩. ಕಾಪುವಿನಿಂದ ಫೋನು

ಗುಂಡಿಯಿಂದ ನೀರೇನೂ ಸೋರುವುದಿಲ್ಲ. "ಇದು ಬಡಿದು ನೋಡಿದ ಗುರುತು" ಎಂದು ಧಣಿಗಳು ಸಮಜಾಯಿಷಿ ಹೇಳಿದರು. ಕಾಪುವಿನ ಭಜನಾ ಮಂದಿರದವರು ನಂಬಿ ಒಯ್ದರು. ಅಣ್ಣನ ಕೆಲಸ ಉಳಿಯಿತು. ಇನ್ನು ಬಡಿಯದಿರಲೆಂದು ಆ ಕೈಗೆ ನಾನೊಂದು ತುಳಸಿ ಜಪಮಾಲೆ ಕೊಟ್ಟೆ. ಹೋದ ಮಳೆಗಾಲ, ಆಟಿ ತಿಂಗಳಲ್ಲಿ ಅಣ್ಣ ಅದನ್ನು ಹಿಡಿದುಕೊಂಡೇ ತೀರಿಕೊಂಡರು.

ಮೊನ್ನೆ ಮಂದಿರದ ಅಡುಗೆಕೋಣೆಗೆ ಪುನಃ ಹಂಚು ಬೇಕೆಂದರು. ಒಂದು ಕಲೆಯೂ ಇಲ್ಲದ್ದನ್ನು ಆರಿಸಿ ಕಳಿಸಿದೆ. ಲಾರಿ ಹಾಗೆಯೇ ವಾಪಸ್ ಬಂತು. ಹಿಂದೆಯೇ ಮಂದಿರದ ಅಧ್ಯಕ್ಷರ ಫೋನು: "ಎಂತ, ನಮಗೆ ಡೂಪ್ಲಿಕೇಟ್ ಕಳಿಸುವುದಾ? ಒಂದರಲ್ಲೂ ಬಡಿದು ನೋಡಿದ ಗುರುತಿಲ್ಲ."

ನಾನು ಫೋನು ಹಿಡಿದುಕೊಂಡೇ ಅಣ್ಣ ಕೂರುತ್ತಿದ್ದ ಜಾಗದ ಕಡೆ ನೋಡಿದೆ.

ಅವರೇ ಸಮಾಧಾನ ಹೇಳಿದರು. "ಅವಸರ ಇಲ್ಲ ಮಾರಾಯ್ರೆ. ನಿಮ್ಮ ಆ ಜನ ಪುರುಸೊತ್ತಿನಲ್ಲಿ ಬಡಿದೇ ಕಳಿಸಲಿ. ನಾವು ಕಾಯುತ್ತೇವೆ."

ಇಷ್ಟು ಕೇಳಿದ ನಿಮ್ಮೆಲ್ಲರ ಮನೆಯ ಮಾಡು ಸೋರದಿರಲಿ. ಬೇಕಾದವರ ದನಿ ಕೊನೆಯವರೆಗೂ ನಿಮ್ಮ ಕಿವಿಗೆ ಬೀಳುತ್ತಿರಲಿ.