ಎಂದೂ ಒಪ್ಪದ ಮಾವನೂ ಎರಡು ಚುಕ್ಕಿಗಳೂ

ನಮ್ಮ ಮಾವ ಒಮ್ಮೆ ತಮ್ಮ ಜೊತೆ ತಾವೇ ಜಗಳವಾಡಿ ಗೆದ್ದವರು. ನಂಬಿಕೆ ಬರಲಿಲ್ಲವೇ? ನನ್ನ ಅಮ್ಮನ ಅಣ್ಣ, ಆಮೇಲೆ ನನ್ನ ಗಂಡನ ಅಪ್ಪ. ಎರಡೂ ಕಡೆಯಿಂದ ನನಗೆ ಮಾವನೇ. ನಾನಲ್ಲದೆ ಇನ್ಯಾರು ಸಾಕ್ಷಿ ಹೇಳಬೇಕು?

ಬತ್ತಲಗುಂಡಿನ ಸಂತೆಯಲ್ಲಿ ಎತ್ತೊಂದನ್ನು ನೋಡಿ, "ಇದು ಮುದೀದು, ಹಲ್ಲು ಸವೆದೋಗೈತೆ" ಅಂದರಂತೆ. ವಾದಿಸಿ ಸುಸ್ತಾದ ತಮಿಳು ವ್ಯಾಪಾರಿ, "ಆಮಾಂಗ, ಹೌದು, ಮುದೀದೇ" ಎಂದುಬಿಟ್ಟ. ಮಾವನಿಗೆ ರೇಗಿತು. "ಯಾವನಯ್ಯಾ ಏಳಿದ್ದು ಮುದೀದು ಅಂತ?" ಎಂದು ಅದನ್ನೇ ಕೊಂಡುಕೊಂಡು ನಮ್ಮೂರು ಕೊಂಬೈಗೆ ಬಂದರು. ಅದು ಒಂದು ದಿನವೂ ನೊಗ ಹೊರಲಿಲ್ಲ. ಅದರೆದುರು ವಯಸ್ಸಿನ ಮಾತೆತ್ತಬಾರದೆಂದು ನಮಗೆಲ್ಲ ಕಟ್ಟಪ್ಪಣೆಯಾಯಿತು!

ಅತ್ತೆಯ ಜೊತೆಗಂತೂ ದಿನವೂ ಇದೇ. ಸಂಜೆಯ ಮೊದಲ ಚುಕ್ಕಿಯನ್ನು ಕಣ್ಣಾರೆ ಕಂಡು ಕೈಮುಗಿದವಳೇ ಹಾಲು ಕರೆಯುವ ಚೊಂಬು ಹಿಡಿಯಬೇಕು ಎಂಬುದು ನಮ್ಮ ಮನೆಯ ಕಟ್ಟಳೆ. ಅತ್ತೆ "ಅಗೋ" ಎಂದರೆ ಮಾವ "ಅದು ಮಿಣುಕುಹುಳ" ಅನ್ನುವರು. ಜಗಳ ಮುಗಿಯುವಷ್ಟರಲ್ಲಿ ಕರುವೇ ಹಾಲು ಕುಡಿದು ಮುಗಿಸಿರುತ್ತಿತ್ತು.

ಆ ವರ್ಷ ಅತ್ತೆಯ ಕಣ್ಣು ಮಸುಕಾಗತೊಡಗಿತು. ಚೊಂಬು ಸೊಸೆಯ ಕೈಗೆ ಹೋಗುವ ಕಾಲ ಬಂತೆಂದು ಓಣಿಯ ಹೆಂಗಸರು ಮಾತಾಡಿಕೊಂಡರು. ಅತ್ತೆಗೂ ಅದೇ ದಿಗಿಲು; ಹಸುಗಳೆಂದರೆ ಅವರಿಗೆ ಜೀವ. ನನಗೂ ಚೊಂಬು ಬೇಕಿರಲಿಲ್ಲ. ಹಸು ನನ್ನನ್ನು ಕಂಡರೇ ಒದೆಯುತ್ತಿತ್ತು.

ಆಗಲೇ ಪಡುವಣ ಬೆಟ್ಟದ ಮೇಲೆ ಶುಕ್ರನೂ ಗುರುವೂ ದಿನದಿನಕ್ಕೆ ಹತ್ತಿರವಾಗತೊಡಗಿದ್ದು. ಎರಡೂ ಕೂಡಿ ಒಂದಾಗುತ್ತವೆ ಎಂದಿತು ಊರು. ಊರು ಹೇಳಿದ ಮೇಲೆ ಮಾವ ಬಿಡುತ್ತಾರೆಯೇ? "ದೇವರ ಗುರುಗೂ ರಾಕ್ಷಸರ ಗುರುಗೂ ಎಂದಾದ್ರೂ ಒಂದಾಗಿ ಬರ್ತದಾ? ಸೇರಂಗಿಲ್ಲ" ಎಂದು ಕಣದಲ್ಲಿ ನಿಂತು, ಕೈ ಚಾಚಿ ಬೆರಳಿಟ್ಟು ಆಕಾಶವನ್ನು ಅಳೆದರು. ದಾರಿಹೋಕರನ್ನೂ ನಿಲ್ಲಿಸಿ ವಾದಿಸಿದರು.

ಒಂದು ಸಂಜೆ ಚುಕ್ಕಿಗಳ ನಡುವೆ ಬೆರಳೂ ಹಿಡಿಸದಂತಾಯಿತು. ಓಣಿಯೆಲ್ಲ ಕಣದಲ್ಲಿ ಸೇರಿತ್ತು. ಎದುರುಮನೆಯ ಅಜ್ಜಿ ಬೇಕೆಂದೇ ಅತ್ತೆಯನ್ನು ಕೇಳಿದಳು: "ನಿಂಗೆ ಎಷ್ಟು ಚುಕ್ಕಿ ಕಾಣ್ತದಮ್ಮಾ?"

ಅತ್ತೆ ಬಹಳ ಹೊತ್ತು ನೋಡಿದರು. "ಒಂದೇ" ಎಂದರು.

ಎರಡೂ ಬೇರೆ ಬೇರೆಯಾಗಿ ನನಗೆ ಚೆನ್ನಾಗಿಯೇ ಕಾಣುತ್ತಿದ್ದವು. ಮಾವ ಆಕಾಶ ನೋಡಲಿಲ್ಲ, ಅತ್ತೆಯ ಮುಖ ನೋಡಿದರು.

"ಒಂದೇ ತಾನೇ ಐತೆ. ಕೂಡ್ಬುಟ್ಟವೆ, ನಾನೇ ಸೋತೆ. ಓಗು ಪುಳ್ಳೆ, ಹಸ ಕಾಯ್ತದೆ" ಎಂದು ಹೆಂಡತಿಗೆ ಹೇಳಿದರು.

ಅತ್ತೆ ಕೈಮುಗಿದು ಕೊಟ್ಟಿಗೆಯತ್ತ ನಡೆದರು. ಅಜ್ಜಿ ಬಿಡಲಿಲ್ಲ. "ಎಲ್ಲಿ ಒಂದು? ಎಲ್ಡು ಐತಲ್ಲಾ" ಎಂದಳು.

"ನಿನ್ ಕಣ್ಣೇ ಕೆಟ್ಟೈತೆ ಕಿಳವಿ" ಎಂದರು ಮಾವ.

ಆ ಮನುಷ್ಯನ ಮೇಲೆ ನನಗೆ ಎಂದೂ ಇಲ್ಲದ ಪ್ರೀತಿ ಉಕ್ಕಿ ಬಂತು. ಸೆರಗಿನಿಂದ ಕಣ್ಣೊರೆಸಿಕೊಂಡು, ಅತ್ತೆಗೂ ಕೇಳುವಂತೆ ಗಟ್ಟಿಯಾಗಿ, "ನಂಗೂ ಒಂದೇ ಕಾಣ್ತದೆ" ಅಂದೆ.